ಕೊನೆಯ ಷಟ್ಪದಿ

ನಮ್ಮ ಶಾಲೆಯಲ್ಲಿ ಪದ್ಯಗಳನ್ನು ಕಂಠಪಾಠ ಮಾಡಿಸುತ್ತಿದ್ದುದನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಒಂದಕ್ಷರ ತಪ್ಪಿದರೂ ಮೊದಲಿನಿಂದ ಹೇಳಿಸುತ್ತಿದ್ದ ನಮ್ಮ ಗುರುಗಳು, “ಹೇಳುವವಳಿಗಿಂತ ಕೇಳುವವಳಿಗೆ ತಾಳ್ಮೆ ಹೆಚ್ಚು ಬೇಕು” ಎಂದು ಬುದ್ಧಿ ಹೇಳುತ್ತಿದ್ದರು. ಆ ಮಾತಿನ ಅರ್ಥವು ನಮಗೆ ತಿಳಿದುದು ಬಹು ತಡವಾಗಿ. ಅದೂ ನಾವೇ ಮಾಡಿದ ತಪ್ಪಿನಿಂದ. ಅದನ್ನು ಮುಚ್ಚುಮರೆಯಿಲ್ಲದೆ ಇಲ್ಲಿ ಅರಿಕೆಮಾಡಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಾವು ಮೂವರು ಸಹಪಾಠಿಗಳು ಸೇರಿ ಮಂಗಳೂರಿನ ನಮ್ಮ ಕೇರಿಯಲ್ಲಿ ಒಂದು ರಾತ್ರಿ ಕವಿಗೋಷ್ಠಿಯನ್ನು ಏರ್ಪಡಿಸಿದೆವು. ಕವಿಗಳು ಹನ್ನೆರಡು ಮಂದಿ. ಒಬ್ಬೊಬ್ಬರಿಗೆ ಐದು ನಿಮಿಷ. ತರುಣರೆಲ್ಲರೂ ಮೊಬೈಲನ್ನು ನೋಡಿ ತಮ್ಮ ಕವನಗಳನ್ನು ಓದಿದರು. ಕಡೆಯಲ್ಲಿ ಎದ್ದವರು ಎಂಬತ್ತು ದಾಟಿದ ವೃದ್ಧರು. ಹೆಂಚಿನ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆದು ನಿವೃತ್ತರಾದವರು. ಅವರ ಕಂಕುಳಲ್ಲಿ ಹಳೆಯ ಲೆಕ್ಕದ ಪುಸ್ತಕವೊಂದಿತ್ತು. ಅದರಲ್ಲಿ ಉಳಿದ ಬರಿಯ ಹಾಳೆಗಳಲ್ಲಿಯೇ ಅವರ ಪದ್ಯಗಳು.

ಮಂಗಳೂರಿನಲ್ಲಿ ಹುಟ್ಟಿದ ಗೋವಿಂದ ಪೈಗಳು 1911ರಲ್ಲಿಯೇ ಪ್ರಾಸವನ್ನು ತ್ಯಜಿಸಿದರು. ಈ ಹಿರಿಯರಾದರೋ ಭಾಮಿನಿ ಷಟ್ಪದಿಯ ಆರು ಪಾದಗಳಲ್ಲಿಯೂ ಎರಡನೆಯ ಅಕ್ಷರವನ್ನು ಹೊಂದಿಸಿಯೇ ಬರೆಯುವವರು. ಅಂದಿನ ವಸ್ತು ಹೆಂಚು. 1865ರಲ್ಲಿ ಬಾಸೆಲ್ ಮಿಶನ್ನಿನವರು ನಮ್ಮೂರಿನಲ್ಲಿ ಆರಂಭಿಸಿದ ಆ ಉದ್ಯಮವನ್ನು ನೆನೆದು, ನೇತ್ರಾವತಿಯ ದಡದ ಜೇಡಿಮಣ್ಣು, ಅದನ್ನು ತರುವ ದೋಣಿ, ಅಚ್ಚು, ಆವಿಗೆ ಎಂದು ಒಂದೊಂದನ್ನೂ ಮೆಲ್ಲಮೆಲ್ಲನೆ ರಾಗವಾಗಿ ಓದುತ್ತ ಹೋದರು. ಹತ್ತು ನಿಮಿಷಗಳಾದವು. ಹಿಂದಿನ ಸಾಲಿನಲ್ಲಿ ಆಕಳಿಕೆ, ಪಿಸುಮಾತು. ನಾವು “ಸಮಯ ಮೀರಿತು” ಎಂದು ಚೀಟಿ ಬರೆದು ಕಳುಹಿಸಿದೆವು. ಅವರು ಅದನ್ನು ಓದಿ, ಮಡಿಸಿ, ಪುಸ್ತಕದೊಳಗಿಟ್ಟು, ಸಭೆಗೆ ಕೈಮುಗಿದು ಕುಳಿತರು.

ಮರುದಿನ ಅವರು ಮರೆತುಹೋಗಿದ್ದ ಕೊಡೆಯನ್ನು ಕೊಡಲು ಹೋದಾಗ, ಇನ್ನೆಷ್ಟು ಪದ್ಯಗಳು ಉಳಿದಿದ್ದವೆಂದು ಕೇಳಿದೆವು. “ಒಂದೇ” ಎಂದರು. ಓದಿಸಿ ಕೇಳಿದೆವು. ತಲೆಯ ಮೇಲೆ ಮಣ್ಣು ಹೊತ್ತು ನಡೆಯುವ ಒಬ್ಬ ಹೆಂಗಸು ಅದರಲ್ಲಿ ಬಂದಳು. ಆಕೆ ಅವರ ತಾಯಿ. ಕೊನೆಯ ಪಾದದಲ್ಲಿ ಆಕೆಯ ಹೆಸರು. ಹಿಂದಿನ ಪದ್ಯಗಳೆಲ್ಲ ಆ ಹೆಸರಿಗೆ ಕಟ್ಟಿದ ಮೆಟ್ಟಲುಗಳು! ನಾವು ಅವರನ್ನು ಹೊಸ್ತಿಲಲ್ಲಿಯೇ ತಡೆದಿದ್ದೆವು.

ಕ್ಷಮೆ ಬೇಡಿದೆವು. “ಇರಲಮ್ಮಾ, ಆಳುಗಳ ಲೆಕ್ಕದಲ್ಲಿ ‘ಹೆಣ್ಣಾಳು’ ಎಂದು ಸಂಖ್ಯೆ ಹಾಕುತ್ತಿದ್ದೆವೇ ಹೊರತು ಹೆಸರು ಬರೆಯುತ್ತಿರಲಿಲ್ಲ. ಈ ಕೈಯೇ ಹಾಗೆ ಬರೆದದ್ದು. ಅದಕ್ಕೇ ಪದ್ಯದಲ್ಲಿ ಬರೆದೆ” ಎಂದರು. ನಮಗೆ ಉತ್ತರ ತೋಚಲಿಲ್ಲ.

ಮರುವರ್ಷದ ಗೋಷ್ಠಿಗೆ ಅವರು ಬಂದರಾದರೂ ಓದುವಷ್ಟು ದನಿ ಉಳಿದಿರಲಿಲ್ಲ. ಅವರನ್ನು ಮುಂದಿನ ಸಾಲಿನಲ್ಲಿ ಕುಳ್ಳಿರಿಸಿ, ಅದೇ ಪುಸ್ತಕದಿಂದ ನಾವೇ ಓದಿದೆವು. ನಡುವೆ ಒಂದಕ್ಷರ ತಪ್ಪಿತು. ಅವರು ಕೈಯೆತ್ತಿದರು, ಆ ಪದ್ಯವನ್ನು ಮತ್ತೆ ಮೊದಲಿನಿಂದ ಹೇಳಿದೆವು. ಯಾರೂ ಗಡಿಯಾರವನ್ನು ನೋಡಲಿಲ್ಲ. ಕಡೆಯ ಹೆಸರು ಬಂದಾಗ ಅವರ ತುಟಿಗಳೂ ನಮ್ಮೊಡನೆ ಅಲುಗಿದವು.

ಸೋದರಿಯರೇ, ನಿಮ್ಮ ಮನೆಗಳಲ್ಲಿಯೂ ನಿಧಾನವಾಗಿ ಮಾತನಾಡುವ ಹಿರಿಯರಿದ್ದಾರು. ಅವರು ಹೇಳಬೇಕಾದುದು ಎಷ್ಟೋ ವೇಳೆ ಕೊನೆಯ ಪದ್ಯದಲ್ಲಿರುತ್ತದೆ. ದಯಮಾಡಿ ಅಲ್ಲಿಯ ತನಕ ಕುಳಿತು ಕೇಳಿರಿ.