ಉಗಾರ ಬುದ್ರುಕದ ಟ್ರೇಲರ್: ಇದು ಸಿನಿಮಾದ್ದಲ್ಲ!

ಟ್ರೇಲರ್ ಅಂದ ಕೂಡಲೇ ನಮ್ಮ ಓದುಗರಿಗೆ ಏನು ನೆನಪಾಗುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ನಾಯಕ ಮಳೆಯಲ್ಲಿ ಹೊಡೆದಾಡುವ, ನಾಯಕಿ ತಿರುಗಿ ನೋಡುವ, ಆಮೇಲೆ ಪರದೆ ಕಪ್ಪಾಗುವ ಆ ಎರಡು ನಿಮಿಷದ ತುಣುಕು! ಟ್ರೇಲರ್ ಅಂದರೆ ಹಿಂದೆ ಬರುವುದು ಅಂತ ಅರ್ಥ. ಚಿತ್ರಕ್ಕಿಂತ ಮುಂಚೆ ಬರುವ ತುಣುಕಿಗೆ ಈ ಹೆಸರು ಹೇಗೆ ಬಂತು? ಆರಂಭದ ದಿನಗಳಲ್ಲಿ ಅದನ್ನು ಚಿತ್ರ ಮುಗಿದ ಮೇಲೆ ತೋರಿಸುತ್ತಿದ್ದರು. ಮುಗಿದ ಮೇಲೆ ಕೂರುವವರು ಯಾರು? ಆದ್ದರಿಂದ ತುಣುಕನ್ನು ಮುಂದಕ್ಕೆ ತಂದರು. ಹೆಸರು ಮಾತ್ರ ಹಿಂದೆಯೇ ಉಳಿಯಿತು.

ನಾನು ಈ ವಾರ ಹೇಳಹೊರಟಿರುವುದು ನಿಜಕ್ಕೂ ಹಿಂದೆಯೇ ಬರುವ ಟ್ರೇಲರಿನ ಕಥೆ. ಎರಡು ಗಾಲಿ, ನಾಲ್ಕು ಹಲಗೆ, ಒಂದು ಕಬ್ಬಿಣದ ಪಿನ್ನು. ನಮ್ಮ ಕಡೆ ಅದನ್ನು 'ಡಬ್ಬಿ' ಅನ್ನುತ್ತಾರೆ. ಎಳೆಯುವ ಟ್ರ್ಯಾಕ್ಟರಿಗೆ 'ಇಂಜಿನ್' ಅನ್ನುತ್ತಾರೆ. ಇಂಜಿನ್ ಅಂದರೆ ಹೀರೋ, ಡಬ್ಬಿ ಅಂದರೆ ಸಹಕಲಾವಿದ ಅಂತ ತಿಳಕೊಳ್ಳಿ.

ಹಿರಿಯ ಊರು, ಕಿರಿಯ ಊರು

ಉಗಾರ ಬುದ್ರುಕ ನನ್ನ ತಾಯಿಯ ತವರು. ಮೊದಲು ಅಥಣಿ ತಾಲೂಕಿನಲ್ಲಿತ್ತು, ಈಗ ಕಾಗವಾಡ ತಾಲೂಕು. ಬುದ್ರುಕ ಅಂದರೆ ಹಿರಿಯದು, ಖುರ್ದ ಅಂದರೆ ಕಿರಿಯದು. ಎರಡೂ ಪಾರಸಿಯಿಂದ ಬಂದ ಮಾತುಗಳು. ಆದರೆ ತಮಾಷೆ ನೋಡಿ, ರೈಲ್ವೆ ಸ್ಟೇಷನ್ ಇರುವುದು ಕಿರಿಯ ಉಗಾರದಲ್ಲಿ. 1939ರಲ್ಲಿ ಶಿರಗಾಂವಕರ ಮನೆತನದವರು ಸ್ಥಾಪಿಸಿದ ಉಗಾರ ಸಕ್ಕರೆ ಕಾರ್ಖಾನೆ ಇರುವುದೂ ಕಿರಿಯ ಉಗಾರದಲ್ಲೇ. ಹಿರಿಯಣ್ಣನ ಪಾಲಿಗೆ ಬಂದದ್ದು ಕಬ್ಬು, ಕಬ್ಬು, ಮತ್ತೆ ಕಬ್ಬು!

ಹಂಗಾಮು ಶುರುವಾಯಿತೆಂದರೆ ಈ ರಸ್ತೆಗಳ ನೋಟವೇ ಬೇರೆ. ಒಂದೊಂದು ಇಂಜಿನ್ನಿನ ಹಿಂದೆ ಎರಡೆರಡು ಡಬ್ಬಿ, ಅದರ ಮೇಲೆ ಮನೆಯೆತ್ತರದ ಕಬ್ಬು. ಮುಂದೆ ಡ್ರೈವರನ ಪಕ್ಕದಲ್ಲಿ ಸ್ಪೀಕರು. ಒಂದು ಟ್ರ್ಯಾಕ್ಟರಿನಲ್ಲಿ ಕನ್ನಡದ ಹಾಡು, ಹಿಂದಿನದರಲ್ಲಿ ಮರಾಠಿ ಹಾಡು. ಗಡಿ ಊರಲ್ಲವೇ, ಕಿವಿಗೆ ಭಾಷೆಯ ಜಗಳವಿಲ್ಲ. 2016ರಲ್ಲಿ ನಾಗರಾಜ ಮಂಜುಳೆಯವರ 'ಸೈರಾಟ್' ಬಂದಾಗ ನಾಯಕಿಯೇ ಟ್ರ್ಯಾಕ್ಟರ್ ಓಡಿಸಿಕೊಂಡು ಬರುವುದನ್ನು ಕಂಡು ನಮ್ಮ ಹುಡುಗರು ಹುಚ್ಚೆದ್ದು ಹೋದರು. ಮರುವರ್ಷ ಅದು ಎಸ್. ನಾರಾಯಣ್ ಅವರ ಕೈಯಲ್ಲಿ 'ಮನಸು ಮಲ್ಲಿಗೆ'ಯಾಗಿ ಕನ್ನಡಕ್ಕೆ ಬಂತು. ನಾಯಕಿ ಅದೇ ರಿಂಕು ರಾಜಗುರು.

ನನ್ನ ಮಾವನ ಮಗನೂ ಆ ಹುಚ್ಚೆದ್ದವರಲ್ಲಿ ಒಬ್ಬ. ಅವನ ಟ್ರ್ಯಾಕ್ಟರನ್ನು ನೀವು ನೋಡಬೇಕು! ಕೆಂಪು ಮೈ, ಮೇಲೆ ಸಾಲಾಗಿ ಆರು ದೀಪ, ಬೆಳ್ಳಿಯಂತೆ ಹೊಳೆಯುವ ಹೊಗೆಕೊಳವೆ, ಮೂರು ರಾಗದ ಹಾರನ್ನು. ಮುಂದೆ ಶಂಕರ್‌ನಾಗ್ ಚಿತ್ರ. 1980ರ 'ಆಟೋ ರಾಜ' ಬಂದಾಗ ಇವನು ಹುಟ್ಟಿರಲೇ ಇಲ್ಲ, ಆದರೂ ಅಭಿಮಾನ ಅಭಿಮಾನವೇ.

ಇಂಥ ಹುಚ್ಚು ಉಗಾರಕ್ಕೆ ಮಾತ್ರ ಮೀಸಲಲ್ಲ. ಅಮೆರಿಕದಲ್ಲಿ ಇದಕ್ಕೆ 'ಹಾಟ್ ರಾಡ್' ಅನ್ನುತ್ತಾರೆ. 1932ರ ಫೋರ್ಡಿನಂಥ ಹಳೇ ಕಾರು ತಂದು, ಮಡ್‌ಗಾರ್ಡ್ ಬಿಚ್ಚಿ, ಇಂಜಿನ್ನಿಗೆ ಜೋರು ತುಂಬಿ, ಕಣ್ಣು ಕುಕ್ಕುವ ಬಣ್ಣ ಹೊಡೆದು ಓಡಿಸುವುದು. ಜಾರ್ಜ್ ಲ್ಯೂಕಸ್ 1973ರಲ್ಲಿ ತೆಗೆದ 'ಅಮೆರಿಕನ್ ಗ್ರಾಫಿಟಿ' ನೋಡಿದವರಿಗೆ ಅದರ ಹಳದಿ ಫೋರ್ಡು ನೆನಪಿರಬಹುದು. ಅಂಥ ಕಾರಿನಲ್ಲಿ ಪೆಟ್ಟಿಗೆ ಇಡಲು ಸರಿಯಾಗಿ ಜಾಗವಿರುವುದಿಲ್ಲ. ಅದಕ್ಕೆ ದೂರದ ಪ್ರಯಾಣ ಹೊರಟಾಗ ಕೆಲವರು ಕಾರಿನದೇ ಬಣ್ಣದ ಪುಟ್ಟ ಡಬ್ಬಿಯೊಂದನ್ನು ಹಿಂದೆ ಕಟ್ಟಿಕೊಂಡು ಹೋಗುತ್ತಾರೆ. ಅವರಿಗೆ ಕ್ಯಾಲಿಫೋರ್ನಿಯಾ, ನಮಗೆ ಚಿಂಚಲಿ!

ಚಿಂಚಲಿಯ ದಾರಿ

ರಾಯಬಾಗ ತಾಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ ಭಾರತ ಹುಣ್ಣಿಮೆಗೆ. ಸಾಂಗಲಿ, ಕೊಲ್ಲಾಪುರದ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಜನ ಬರುತ್ತಾರೆ. ಭಂಡಾರ ಹಾರಿ ಹಾರಿ ನೆಲ, ಆಕಾಶ, ಎತ್ತಿನ ಕೋಡು, ಎಲ್ಲವೂ ಹಳದಿ. ಉಗಾರದಿಂದ ಬಹಳ ದೂರವೇನಲ್ಲ. ಕೃಷ್ಣೆಯನ್ನು ದಾಟಿದರೆ ಕುಡಚಿ, ಕುಡಚಿ ದಾಟಿದರೆ ಚಿಂಚಲಿ. ಆದರೆ ಅಲ್ಲಿ ಬಿಡಾರ ಹೂಡಿ, ಅಡಿಗೆ ಮಾಡಿ, ನೈವೇದ್ಯ ಕೊಟ್ಟು, ನಾಲ್ಕು ಮಂದಿಗೆ ಊಟ ಹಾಕದೆ ಬಂದರೆ ಅದೇನು ಜಾತ್ರೆ? ಅಂದ ಮೇಲೆ ಸಾಮಾನು ಬೇಕು. ಸಾಮಾನಿಗೆ ಡಬ್ಬಿ ಬೇಕು.

ನಾಲ್ಕು ವರ್ಷದ ಹಿಂದಿನ ಮಾತು. ನಸುಕಿನಲ್ಲಿ ಹೊರಟೆವು. ಕಬ್ಬು ಸಾಗಿಸುವ ದೊಡ್ಡ ಡಬ್ಬಿ. ಹಿಂದಿನ ಹಲಗೆ ತೆರೆದು ಹಿಟ್ಟಿನ ಚೀಲ, ಕಟಗಿ, ಬೋಗಾಣಿ, ನೀರಿನ ಕೊಡ ಎಲ್ಲವನ್ನೂ ಕೈಗೆ ಸಿಕ್ಕಲ್ಲಿಗೆ, ಅಂದರೆ ಬಾಲದ ಕಡೆಗೇ, ಪೇರಿಸಿದ್ದೆವು. ಮುಂದಿನ ಖಾಲಿ ಜಾಗದಲ್ಲಿ ಜಮಖಾನೆ ಹಾಸಿ ಹನ್ನೊಂದು ಮಂದಿ ಕೂತೆವು. ಇಂಜಿನ್ನಿಗೆ ಆರು ದೀಪ ಇದ್ದವು ಅಂದೆನಲ್ಲ, ಡಬ್ಬಿಗೆ? ಹಿಂದೆ ಒಂದು ಕೆಂಪು ಗಾಜು ಕೂಡ ಇರಲಿಲ್ಲ!

ಸ್ವಲ್ಪ ವೇಗ ಹೆಚ್ಚಿದಾಗ ಡಬ್ಬಿ ಹಾವಿನ ಬಾಲದಂತೆ ಅತ್ತ ಇತ್ತ ಆಡತೊಡಗಿತು. ನಮಗೆ ಅದೂ ಮೋಜೇ. ಹೆಂಗಸರು ನಕ್ಕರು, ಹುಡುಗರು ಚಾಂಗಭಲೋ ಅಂತ ಕೂಗಿದರು. ರಸ್ತೆ ಹೊಳೆಯ ಕಡೆ ಇಳಿಯತೊಡಗಿತು. ನಮ್ಮ ಹೀರೋ ಗೇರು ಬಿಡಿಸಿ ನ್ಯೂಟ್ರಲ್ಲಿಗೆ ಹಾಕಿದ. ಡೀಸೆಲ್ಲೂ ಉಳಿತಾಯ, ಓಟವೂ ಜೋರು! ಎದುರಿಗೆ ಒಂದು ಎಮ್ಮೆ ಅಡ್ಡ ಬಂತು. ಬ್ರೇಕು ತುಳಿದ.

ಇಲ್ಲೊಂದು ವಿಷಯ ಹೇಳಬೇಕು. ಟ್ರ್ಯಾಕ್ಟರಿಗೆ ಬ್ರೇಕಿನ ಪೆಡಲ್ ಎರಡು. ಎಡಗಾಲಿಗೆ ಒಂದು, ಬಲಗಾಲಿಗೆ ಒಂದು. ಹೊಲದಲ್ಲಿ ಗಕ್ಕನೆ ತಿರುಗಿಸಲು ಒಂದನ್ನೇ ತುಳಿಯುತ್ತಾರೆ. ರಸ್ತೆಗೆ ಇಳಿಯುವ ಮುಂಚೆ ಎರಡನ್ನೂ ಕೂಡಿಸುವ ಕಬ್ಬಿಣದ ಪಟ್ಟಿಯನ್ನು ಹಾಕಲೇಬೇಕು. ಹಿಂದಿನ ದಿನ ಹೊಲ ಹೊಡೆದವನು ಆ ಪಟ್ಟಿ ಹಾಕುವುದನ್ನೇ ಮರೆತಿದ್ದ.

ಒಂದೇ ಗಾಲಿ ನಿಂತಿತು. ಇಂಜಿನ್ ಬಲಕ್ಕೆ ತಿರುಗಿಬಿಟ್ಟಿತು. ಬ್ರೇಕೇ ಇಲ್ಲದ ಡಬ್ಬಿ, ಹನ್ನೊಂದು ಮಂದಿಯ ಭಾರ ಹೊತ್ತು, ಹಿಂದಿನಿಂದ ನೂಕಿಕೊಂಡು ಬಂತು. ಎರಡೂ ಕತ್ತರಿಯ ಹಾಗೆ ಮಡಚಿಕೊಂಡು ರಸ್ತೆಗೆ ಅಡ್ಡ ನಿಂತವು. ಹಾಡು ಮಾತ್ರ ನಿಲ್ಲಲಿಲ್ಲ. ಆ ಹಾಡು ಯಾವುದೆಂದು ನಾನು ಹೇಳುವುದಿಲ್ಲ, ಇವತ್ತಿಗೂ ಅದನ್ನು ಕೇಳಲು ನನ್ನಿಂದ ಆಗದು.

ಮಾಯಕ್ಕನ ದಯೆ, ಜೀವಕ್ಕೆ ಏನೂ ಆಗಲಿಲ್ಲ. ಆದರೆ ಹಲಗೆ ಹಿಡಿದು ಕೂತಿದ್ದ ಅತ್ತೆಯ ಎಡಗೈ ಮುರಿಯಿತು. ಕೂಡಿಕೊಂಡಿತು, ನಿಜ. ಆದರೆ ರೊಟ್ಟಿ ಬಡಿಯುವಾಗ ಈಗಲೂ ಅತ್ತೆ ನಡುವೆ ಒಮ್ಮೆ ನಿಂತು ಕೈ ಒತ್ತಿಕೊಳ್ಳುತ್ತಾಳೆ. ಆಗ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ.

ಎತ್ತು ಕಲಿಸಿದ ಪಾಠ

ಪಿಯುಸಿಯನ್ನು ಅರ್ಧಕ್ಕೆ ಬಿಟ್ಟವನು ನಾನು. ಭೌತಶಾಸ್ತ್ರದ ಪುಸ್ತಕ ಕಂಡರೆ ನಿದ್ದೆ ಬರುತ್ತಿತ್ತು. ಆ ಪಾಠವನ್ನು ಆಮೇಲೆ ಮಾವನೇ ಕಟ್ಟೆಯ ಮೇಲೆ ಕೂತು ಹೇಳಿಕೊಟ್ಟ.

"ಚಕ್ಕಡಿ ಹೂಡಿದವ್ರಿಗೆ ಇದು ಗೊತ್ತಿತ್ತೋ ತಮ್ಮಾ. ಮುಂದ ಭಾರ ಬಾಳ ಆದ್ರ ಎತ್ತಿನ ಹೆಗಲ ಹರೀತೈತಿ. ಹಿಂದ ಭಾರ ಆದ್ರ ನೊಗ ಮ್ಯಾಲ ಎದ್ದ ಎತ್ತಿನ ಕೊರಳಿಗಿ ಉರುಲ ಬೀಳತೈತಿ. ಅಚ್ಚಿನ ಮ್ಯಾಲ ಹೇರಬೇಕ, ಒಂದೀಟ ಮುಂದ. ಎತ್ತ ಒದರಿ ಹೇಳತಿತ್ತು. ಇಂಜಿನ್ ಹೇಳೂದಿಲ್ಲ."

ಹೊರದೇಶದಲ್ಲಿ ಕಾರಿನ ಹಿಂದೆ ಡಬ್ಬಿ ಕಟ್ಟುವವರೂ ಇದನ್ನೇ ಹೇಳುತ್ತಾರೆ. ನೂರರಲ್ಲಿ ಅರವತ್ತರಷ್ಟು ಭಾರ ಅಚ್ಚಿನ ಮುಂದೆ ಇರಲಿ ಎಂಬುದು ಅವರ ವಾಡಿಕೆಯ ಲೆಕ್ಕ. ಬಾಲ ಭಾರವಾದರೆ ಡಬ್ಬಿ ತೂಗಾಡಲು ಶುರು. ತೂಗಾಟ ಶುರುವಾದರೆ ಸ್ಟೇರಿಂಗ್ ಜಗ್ಗಾಡದೆ, ಬ್ರೇಕು ಒಮ್ಮೆಲೇ ತುಳಿಯದೆ, ಮೆಲ್ಲಗೆ ವೇಗ ಇಳಿಸಬೇಕು. ಇಳಿಜಾರಿನಲ್ಲಿ ಗೇರು ಬಿಡಿಸಲೇಬಾರದು. ಸಣ್ಣ ಗೇರಿನಲ್ಲಿ ಇಂಜಿನ್ನೇ ತಡೆ ಹಿಡಿಯುತ್ತದೆ. ಪಿನ್ನು ಕಳಚಿದರೂ ಡಬ್ಬಿ ಬೇರೆಯಾಗದಂತೆ ಒಂದು ಸರಪಳಿ ಇರಲೇಬೇಕು.

ಇನ್ನೊಂದು ಮಾತೂ ಉಂಟು. ಹಂಗಾಮಿನ ರಾತ್ರಿಗಳಲ್ಲಿ ಪಂಕ್ಚರ್ ಆಗಿ ರಸ್ತೆ ಬದಿ ನಿಂತ ಡಬ್ಬಿಗೆ ಬೈಕು ಗುದ್ದಿದ ಸುದ್ದಿ ನಮ್ಮ ಕಡೆ ಹೊಸದಲ್ಲ. ಕತ್ತಲಲ್ಲಿ ಕಬ್ಬಿನ ರಾಶಿಯೂ ಕತ್ತಲೇ. ಬೆನ್ನಿಗೆ ಅಂಟಿಸುವ ಹೊಳೆಯುವ ಪಟ್ಟಿಗೆ ಸ್ಪೀಕರಿನಷ್ಟು ದುಡ್ಡು ಬೇಕಿಲ್ಲ. ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಆನಗೋಡಿನ ಬಳಿ ರಸ್ತೆ ಅಪಘಾತದಲ್ಲಿ ನಮ್ಮನ್ನು ಬಿಟ್ಟು ಹೋದಾಗ ವಯಸ್ಸು ಇನ್ನೂ 35. ಅವರ ಚಿತ್ರ ಮುಂದೆ ಅಂಟಿಸಿಕೊಂಡವರು ಹಿಂದೆ ಒಂದು ಕೆಂಪು ಪಟ್ಟಿ ಅಂಟಿಸಬಾರದೇ?

ಸಣ್ಣ ಡಬ್ಬಿ

ಎರಡು ವರ್ಷ ನಮ್ಮ ಮನೆಯಿಂದ ಯಾರೂ ಜಾತ್ರೆಗೆ ಹೋಗಲಿಲ್ಲ. ಮೂರನೆಯ ವರ್ಷ ಮಾವ ಹಳೇ ಡಬ್ಬಿಯೊಂದನ್ನು ವೆಲ್ಡಿಂಗ್ ಅಂಗಡಿಗೆ ಒಯ್ದು ಕೊಯ್ಯಿಸಿ, ಅರ್ಧ ಅಳತೆಯ ಹೊಸ ಡಬ್ಬಿ ಮಾಡಿಸಿದ. ಇಂಜಿನ್ನಿನದೇ ಕೆಂಪು ಬಣ್ಣ. ಹಿಂದೆ ಎರಡು ದೀಪ, ಹೊಳೆಯುವ ಪಟ್ಟಿ, ಕೆಳಗೆ ಸರಪಳಿ. ನೋಡಲು ಒಳ್ಳೆ ಆಟಿಗೆಯ ಹಾಗೆ!

"ಮಾವಾ, ಇಷ್ಟ ಸಣ್ಣದ ಯಾಕ ಮಾಡ್ಸಿದ್ರಿ?" ಅಂದೆ.

"ಸಣ್ಣದ ಇದ್ರ ಮಂದಿ ಹತ್ತೂದಿಲ್ಲೋ," ಅಂದ.

ಈ ವರ್ಷ ನಾನೂ ಹೋಗಿದ್ದೆ. ಮಂದಿಯೆಲ್ಲ ಬಸ್ಸಿಗೆ, ಸಾಮಾನಷ್ಟೇ ಡಬ್ಬಿಗೆ. ಚೀಲಗಳು ಅಚ್ಚಿನ ಮೇಲೆ, ಬೋಗಾಣಿ ಮುಂದೆ, ಹಗುರದ ಹಾಸಿಗೆ ಹಿಂದೆ, ಮೇಲೆ ತಾಡಪತ್ರಿ ಬಿಗಿದು ಹಗ್ಗ. ಮಾವನ ಮಗ ಹೊರಡುವ ಮುಂಚೆ ಬಗ್ಗಿ ಪೆಡಲಿನ ಪಟ್ಟಿಯನ್ನು ಕೈಯಿಂದಲೇ ಮುಟ್ಟಿ ನೋಡಿದ. ಅತ್ತೆ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದಳು. ಆಮೇಲೆ ಬಸ್ ಸ್ಟ್ಯಾಂಡಿಗೆ ನಡೆದಳು.

ಕೃಷ್ಣೆಯ ಇಳಿಜಾರನ್ನು ಸಣ್ಣ ಗೇರಿನಲ್ಲಿ ಗುರುಗುಟ್ಟುತ್ತ ಇಳಿದೆವು. 2019ರ ಆಗಸ್ಟಿನ ಮಹಾಪೂರದಲ್ಲಿ ಇದೇ ಹೊಳೆ ಸೇತುವೆ ಮುಳುಗಿಸಿ ಎರಡೂ ದಂಡೆಯನ್ನು ಬೇರೆ ಮಾಡಿತ್ತು. ಈಗ ತಣ್ಣಗೆ, ಏನೂ ಅರಿಯದವಳಂತೆ ಹರಿಯುತ್ತಿದ್ದಳು. ಎಮ್ಮೆ ಬಂದಿದ್ದ ಜಾಗ ದಾಟುವಾಗ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ನಿಜವಾದ ಪರೀಕ್ಷೆ ಕಾದಿದ್ದು ಚಿಂಚಲಿಯಲ್ಲಿ. ಬಿಡಾರದ ಸಂದಿಯೊಳಕ್ಕೆ ಡಬ್ಬಿಯನ್ನು ಹಿಮ್ಮುಖವಾಗಿ ತಳ್ಳಬೇಕು. ಈ ವಿದ್ಯೆಗೆ ನಮ್ಮ ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸ್ಪರ್ಧೆಯನ್ನೇ ಇಡುತ್ತಾರೆ, ಯಾಕೆಂದರೆ ಇದು ಸುಲಭವಲ್ಲ. ಸ್ಟೇರಿಂಗ್ ಬಲಕ್ಕೆ ತಿರುವಿದರೆ ಡಬ್ಬಿ ಎಡಕ್ಕೆ. ಕೈಯನ್ನು ಸ್ಟೇರಿಂಗಿನ ಕೆಳಗಡೆ ಹಿಡಿದರೆ ಸುಲಭ ಅನ್ನುತ್ತಾರೆ ಬಲ್ಲವರು: ಆಗ ಕೈ ಹೋದ ಕಡೆಗೇ ಡಬ್ಬಿ ಹೋಗುತ್ತದೆ. ಇನ್ನೊಂದು ವಿಚಿತ್ರ, ಉದ್ದ ಡಬ್ಬಿಗಿಂತ ಗಿಡ್ಡ ಡಬ್ಬಿಯೇ ಕಷ್ಟ. ನೀವು ಒಂದು ಗೇಣು ತಿರುವುವುದರೊಳಗೆ ಅದು ಮಾರುದ್ದ ತಿರುಗಿ ನಿಂತಿರುತ್ತದೆ!

ನಮ್ಮ ಹೀರೋ ಒಮ್ಮೆ ತಳ್ಳಿದ, ಅಡ್ಡ ಹೋಯಿತು. ಮತ್ತೆ ತಳ್ಳಿದ, ಮತ್ತೆ ಅಡ್ಡ. ಸುತ್ತ ಜನ ನೆರೆದರು. ಸ್ಪೀಕರಿನಲ್ಲಿ ಹಾಡು ಬೊಬ್ಬಿರಿಯುತ್ತಿತ್ತು. ಭಂಡಾರದ ಧೂಳಿನ ನಡುವೆ, ಡಬ್ಬಿಯ ಹಿಂದೆ, ಬಸ್ಸಿಳಿದು ಬಂದ ಅತ್ತೆ ಕಾಣಿಸಿದಳು.

"ಮೊದಲ ಆ ಹಾಡ ಬಂದ್ ಮಾಡಪಾ. ಹಿಂದ ನಿಂತವ್ರ ಮಾತ ನಿನಗ ಕೇಳಬೇಕಲ್ಲ."

ಹಾಡು ನಿಂತಿತು. ಅತ್ತೆ ಅದೇ ಎಡಗೈಯನ್ನು ಎತ್ತಿ ಬೀಸತೊಡಗಿದಳು. "ಬಾ... ಬಾ... ಒಂದೀಟ ಬಲಕ... ಬಾ... ಸಾಕ್!"

ಡಬ್ಬಿ ನೆಟ್ಟಗೆ ಬಂದು ನಿಂತಿತು. ಕಲ್ಲು ತಂದು ಗಾಲಿಗೆ ಒಡ್ಡು ಇಟ್ಟೆ. ಅಷ್ಟರಲ್ಲಾಗಲೇ ಅತ್ತೆ ತಾಡಪತ್ರಿಯ ಹಗ್ಗ ಬಿಚ್ಚಿ, ಹಿಟ್ಟಿನ ಚೀಲ ಎಲ್ಲಿ ಅಂತ ಹುಡುಕುತ್ತಿದ್ದಳು.