ಮರದ ಬಳಿಗೆ ಹೊರಟ ಗರಗಸ

ಮಾಲೂರಿನಲ್ಲಿ ಮರ ಕೊಯ್ಯುವ ಕಸುಬು ನನ್ನ ಕಣ್ಣೆದುರಿಗೇ ಎರಡು ಸಲ ಜಾಗ ಬದಲಿಸಿತು. ಮೊದಲು ಗರಗಸದವರು ಮರ ಇದ್ದಲ್ಲಿಗೆ ಬರುತ್ತಿದ್ದರು. ಆಮೇಲೆ ಮರ ಲಾರಿ ಹತ್ತಿ ಮಿಲ್ಲಿಗೆ ಹೋಯಿತು. ಈಗ ಮಿಲ್ಲೇ ಟ್ರೇಲರ್ ಮೇಲೆ ಕೂತು ಹೊಲದ ದಾರಿ ಹಿಡಿದಿದೆ. ಕೊನೆಯ ಬದಲಾವಣೆಯಲ್ಲಿ ವೆಲ್ಡಿಂಗ್ ಶೆಡ್ಡಿನವನಾದ ನನ್ನ ಕೈಯೂ ಇತ್ತು. ಹಾಗಾಗಿ ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು.

ನಾನು ಹುಡುಗನಾಗಿದ್ದಾಗ ಮನೆ ಕಟ್ಟುವವರು ಮರ ಕಡಿದು ಗರಗಸದವರಿಗೆ ಹೇಳಿಕಳಿಸುತ್ತಿದ್ದರು. ಇಬ್ಬರ ಜೋಡಿ. ಆಳುದ್ದದ ಗರಗಸ, ಮೂರಂಚಿನ ಅರ, ನೂಲಿನ ಉಂಡೆ, ಇಷ್ಟೇ ಅವರ ಆಸ್ತಿ. ಗುಂಡಿ ತೋಡಿ ಅಡ್ಡಮರಗಳ ಮೇಲೆ ದಿಮ್ಮಿ ಕೂರಿಸುತ್ತಿದ್ದರು. ಕೆಮ್ಮಣ್ಣಿನ ನೀರಲ್ಲಿ ಅದ್ದಿದ ನೂಲನ್ನು ಬಿಗಿಹಿಡಿದು ಮೀಟಿದರೆ ತೊಗಟೆ ಕೆತ್ತಿದ ಮೈಮೇಲೆ ನೇರ ಗೆರೆ ಮೂಡುತ್ತಿತ್ತು. ಮೇಲೆ ನಿಂತವನು ಗೆರೆ ಕಾಯಬೇಕು, ಗುಂಡಿಯಲ್ಲಿ ನಿಂತವನು ಎಳೆಯಬೇಕು. ಕೆಳಗಿನವನ ತಲೆ, ಕತ್ತು, ರೆಪ್ಪೆಗಳ ಮೇಲೆಲ್ಲ ಹೊಟ್ಟು. ನಮ್ಮ ಮನೆಯ ಬಾಗಿಲುವಾಡ ಹಾಗೆ ಕೊಯ್ದ ಹಲಸಿನದು. ಹಲಗೆಯ ಹಿಂಬದಿಯಲ್ಲಿ ಗರಗಸದ ಓರೆ ಗೀರುಗಳು ಇವತ್ತಿಗೂ ಕೈಗೆ ಸಿಗುತ್ತವೆ. ನೇಗಿಲಿಗೆ, ಗಾಡಿಯ ಚಕ್ರಕ್ಕೆ ಕರಿಜಾಲಿ, ಬಾಗಿಲಿಗೆ ಬೇವು, ಹಲಸು. ಯಾವ ಮರದಿಂದ ಯಾವ ತುಂಡು ಬಂತು ಎನ್ನುವುದು ಮನೆಮಂದಿಗೆಲ್ಲ ಗೊತ್ತಿರುತ್ತಿತ್ತು.

ಮಿಲ್ಲುಗಳು ಬಂದಾಗ ಈ ಜೋಡಿಗಳು ಮರೆಯಾದವು. ಬೆಂಗಳೂರು–ಜೋಲಾರಪೇಟೆ ರೈಲುದಾರಿಯ ಮೇಲಿನ ಊರು ಮಾಲೂರು. ಹೆಂಚು, ಇಟ್ಟಿಗೆಗೆ ಹೆಸರಾದ ಊರು. ಸೌದೆ, ದಿಮ್ಮಿ, ಲಾರಿ ಇವೆಲ್ಲ ಮೊದಲಿನಿಂದಲೂ ಇಲ್ಲಿ ಓಡಾಡಿಕೊಂಡೇ ಇದ್ದವು. ಮಿಲ್ಲಿನ ಬ್ಯಾಂಡ್ ಸಾ ಎಂದರೆ ಆಳೆತ್ತರ ಮೀರಿದ ಯಂತ್ರ. 36 ಅಥವಾ 42 ಅಂಗುಲದ ಎರಡು ಚಕ್ರ ಮೇಲೊಂದು ಕೆಳಗೊಂದು, ಅವುಗಳ ಮೇಲೆ ಸುತ್ತುವ ಉಕ್ಕಿನ ಪಟ್ಟಿ. ದಿಮ್ಮಿ ಟ್ರಾಲಿಯ ಮೇಲೆ ಕೂತು ಕಂಬಿಯಲ್ಲಿ ಹಿಂದೆ ಮುಂದೆ ಓಡಬೇಕು. ಇಬ್ಬರು ಇಡೀ ದಿನ ಎಳೆದು ಕೊಯ್ಯುತ್ತಿದ್ದದ್ದು ಅಲ್ಲಿ ಒಂದು ಬೀಡಿ ಸೇದುವಷ್ಟರಲ್ಲಿ ಮುಗಿಯುತ್ತಿತ್ತು. ಶ್ರೀನಿವಾಸಪುರದ ಮಾವಿಗೆ, ಕೋಲಾರದ ಟೊಮೆಟೊಗೆ ಪೆಟ್ಟಿಗೆ ಹಲಗೆ, ಬೆಂಗಳೂರಿನ ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ, ರೀಪರು ಎಲ್ಲ ಅಲ್ಲಿಂದ ಹೋಗುತ್ತಿತ್ತು. ಹೊರಸೀಳು ಇಟ್ಟಿಗೆ ಗೂಡಿಗೆ ಹೋದರೆ ಹೊಟ್ಟು ಮನೆಗಳಿಗೆ. ತಗಡಿನ ಡಬ್ಬಿಯ ನಡುವೆ ಬಾಟಲಿ ನಿಲ್ಲಿಸಿ, ಸುತ್ತ ಹೊಟ್ಟು ಗಿಡಿದು, ಬಾಟಲಿ ಮೆಲ್ಲಗೆ ಎತ್ತಿದರೆ ಒಲೆ ಸಿದ್ಧ. ಎರಡು ಹೊತ್ತಿನ ಮುದ್ದೆ ಅದರಲ್ಲೇ ಬೇಯುತ್ತಿತ್ತು.

ಹೊಲಗಳಿಗೆ ನೀಲಗಿರಿ ಕಾಲಿಟ್ಟದ್ದೂ ಅದೇ ಕಾಲದಲ್ಲಿ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಸಸಿಗಳು ನಮ್ಮ ಕೋಲಾರ ಜಿಲ್ಲೆಯ ರಾಗಿ ಹೊಲಗಳನ್ನೂ ಹೊಕ್ಕವು. 1983ರಲ್ಲಿ ತುಮಕೂರು ಕಡೆಯ ರೈತರು ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತ ಸುದ್ದಿ ಬಂದಾಗ ಇಲ್ಲಿ ವಾದವೋ ವಾದ. ನೀರಿನ ವಿಷಯದಲ್ಲಿ ಅವರ ಸಿಟ್ಟು ನ್ಯಾಯವಾದದ್ದು ಎಂದು ಬತ್ತಿದ ಬಾವಿಗಳನ್ನು ಕಂಡ ನಾನು ಹೇಳಬಲ್ಲೆ. ಆದರೆ ನೆಟ್ಟವನ ಕಷ್ಟವೂ ಸುಳ್ಳಲ್ಲ. ಮಳೆ ಕೈಕೊಟ್ಟ ಊರಲ್ಲಿ, ಕೂಲಿಯಾಳು ಬೆಂಗಳೂರು ರೈಲು ಹತ್ತಿದ ಮೇಲೆ, ಕಾವಲಿಲ್ಲದೆ, ಕಳೆ ಕೀಳದೆ ಬೆಳೆಯುವ ಬೆಳೆ ಅದೊಂದೇ ಆಗಿತ್ತು. ಕಂಟ್ರಾಕ್ಟರು ಬಂದು ಟನ್ ಲೆಕ್ಕದಲ್ಲಿ ಕಡಿದುಕೊಂಡು ಹೋಗುವನು. ಬುಡ ಮತ್ತೆ ಚಿಗುರುವುದು. ಐದಾರು ವರ್ಷಕ್ಕೆ ಮತ್ತೆ ಅದೇ ಲಾರಿ. ಆ ವಯಸ್ಸಿನ ಕಂಬ ಕೊಯ್ಯಲು ಬಾರದು. ಕೊಯ್ಯಬಹುದಾದ ದಪ್ಪ ಮರ ಉಳಿದದ್ದು ಬದುಗಳ ಮೇಲೆ, ಕಂಟ್ರಾಕ್ಟರಿನ ಲಾರಿ ಹೋಗದ ಮೂಲೆಗಳಲ್ಲಿ.

ಮಿಲ್ಲಿನ ಕೆಲಸ ಇಳಿದದ್ದು ನಿಧಾನವಾಗಿ. ಟೊಮೆಟೊಗೆ ಪ್ಲಾಸ್ಟಿಕ್ ಕ್ರೇಟು ಬಂತು, ಮಾವಿಗೂ ಬಂತು. ಸೆಂಟ್ರಿಂಗಿಗೆ ಕಬ್ಬಿಣದ ಶೀಟು, ಬಾಗಿಲಿಗೆ ಹೊರದೇಶದ ಮರ. ಹೊಸ ಮಿಲ್ಲು ತೆರೆಯುವುದಂತೂ ಆಗದ ಮಾತಾಗಿತ್ತು. ಅರಣ್ಯ ರಕ್ಷಣೆಯ ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರಿನಲ್ಲಿ ಕೊಟ್ಟ ಆದೇಶದಿಂದ ದೇಶದ ಮರದ ಮಿಲ್ಲುಗಳ ಮೇಲೆ ಬಿಗಿ ಶುರುವಾಯಿತು. ಕೋರ್ಟು ನೇಮಿಸಿದ ಕೇಂದ್ರ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ರಾಜ್ಯವೂ ಹೊಸ ಮಿಲ್ಲಿಗೆ ಅನುಮತಿ ಕೊಡುವಂತಿಲ್ಲ ಎಂದು 2002ರ ಅಕ್ಟೋಬರಿನಲ್ಲಿ ಇನ್ನೊಂದು ಆದೇಶ ಬಂತು. ಕಾಡು ಉಳಿಯಲು ಅದು ಬೇಕಿತ್ತು. ಕಾಡು ಕಡಿಮೆಯಿರುವ ನಮ್ಮ ಸೀಮೆಯಲ್ಲಿ, ಹೊಲದ ಮರ ಕೊಯ್ಯುವವರಿಗೆ ಮಾತ್ರ ಇದ್ದ ಮಿಲ್ಲನ್ನೇ ಜೋಪಾನ ಮಾಡಿಕೊಳ್ಳುವ ಕಾಲ ಬಂತು.

2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ ಮೇಲೆ ಬದುಗಳ ಹಳೆಯ ಮರಗಳನ್ನು ತೆಗೆಯುವವರು ಹೆಚ್ಚಾದರು. ಲಾರಿ ಬಾಡಿಗೆ, ಹಮಾಲಿ ಕೂಲಿ ಕಳೆದರೆ ನಾಲ್ಕು ಮರ ಮಿಲ್ಲಿಗೆ ತರುವುದು ಗಿಟ್ಟುತ್ತಿರಲಿಲ್ಲ. ಆಗಲೇ ನಮ್ಮ ಪರಿಚಯದ ಮಿಲ್ಲಿನ ಯಜಮಾನರು ಶೆಡ್ಡಿಗೆ ಬಂದು, "ಆ ಸಣ್ಣ ಮಿಷಿನ್ನಿಗೆ ಚಕ್ರ ಕಟ್ಟಕ್ಕಾಗುತ್ತಾ?" ಎಂದು ಕೇಳಿದ್ದು.

ಸಣ್ಣ ಮಿಷಿನ್ ಎಂದರೆ ಅಡ್ಡಡ್ಡ ಕೊಯ್ಯುವ ಬ್ಯಾಂಡ್ ಸಾ. ದೊಡ್ಡದರಲ್ಲಿ ಮರ ಓಡುತ್ತದೆ, ಗರಗಸ ನಿಂತಲ್ಲೇ ಇರುತ್ತದೆ. ಇದರಲ್ಲಿ ಮರ ಮಲಗಿರುತ್ತದೆ, ಗರಗಸ ಹೊತ್ತ ತಲೆಯೇ ಕಂಬಿಯ ಮೇಲೆ ಚಲಿಸುತ್ತದೆ. ಪಟ್ಟಿಯ ಅಗಲ ಒಂದೂಕಾಲು ಅಂಗುಲ, ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಹಲ್ಲಿನ ಬಿರಿ ಸೇರಿ ಪ್ರತಿ ಕೊಯ್ತಕ್ಕೆ ಹೊಟ್ಟಾಗುವುದು ಸುಮಾರು 2 ಮಿಲಿಮೀಟರು. ದುಂಡು ಗರಗಸ ಅದರ ಎರಡು ಮೂರು ಪಟ್ಟು ತಿನ್ನುತ್ತದೆ. ಹತ್ತು ಕೊಯ್ತಕ್ಕೆ ಹೆಚ್ಚುಕಡಿಮೆ ಒಂದಂಗುಲದ ಒಂದು ಹಲಗೆಯಷ್ಟು ಉಳಿಯಿತು ಎಂದಾಯಿತು. ಯಂತ್ರವನ್ನು ಸಾಗಿಸಬಹುದು ಎಂದು ಹೇಳಿಯೇ ಮಾರಿದ್ದರು. ಆದರೆ ತಂದವರು ಅದನ್ನು ಕಾಂಕ್ರೀಟಿಗೆ ಬೋಲ್ಟು ಹಾಕಿ ಕೂರಿಸಿದ ಮೇಲೆ ಅದು ಕದಲಿರಲೇ ಇಲ್ಲ.

ಚಕ್ರ ಕಟ್ಟುವುದು ಸುಲಭ ಎಂದು ನೋಡಿದವರೆಲ್ಲ ಅಂದರು. ಕಷ್ಟ ಇದ್ದದ್ದು ಚಕ್ರದಲ್ಲಲ್ಲ, ನೆಲದಲ್ಲಿ. ಆ ಕಂಬಿಗಳು ತೆಳು ಆಂಗಲ್ಲಿನವು. ಅವು ನೇರವಾಗಿದ್ದದ್ದು ಕೆಳಗಿನ ಕಾಂಕ್ರೀಟಿನ ಬಲದಿಂದ. ನೆಲ ಬಿಡಿಸಿದರೆ ಆ ಗಟ್ಟಿತನವನ್ನು ನಾವು ಕಬ್ಬಿಣದಲ್ಲೇ ತುಂಬಿಕೊಡಬೇಕು. 18 ಅಂಗುಲ ದಪ್ಪ, 12 ಅಡಿ ಉದ್ದದ ಹಸಿ ನೀಲಗಿರಿ 600 ಕಿಲೋ ದಾಟುತ್ತದೆ. ಅದು ಉರುಳಿ ಬಂದು ಬಿದ್ದಾಗ ಅಡಿಗಟ್ಟು ಕೂದಲೆಳೆಯಷ್ಟು ತಿರುಚಿದರೂ ಹಲಗೆ ಹಾವಿನಂತೆ ಡೊಂಕಾಗುತ್ತದೆ. ಆದ್ದರಿಂದ ಉದ್ದಕ್ಕೆ 6 ಅಂಗುಲದ ಎರಡು ಚಾನೆಲ್, ನಡುನಡುವೆ ಅಡ್ಡ ತೊಲೆಗಳು. ಒಂದೇ ಕಡೆ ಬೆಸೆಯುತ್ತ ಹೋದರೆ ಕಾವಿಗೆ ಕಬ್ಬಿಣ ಎಳೆದುಕೊಂಡು ಬಾಗುತ್ತದೆ. ಅದಕ್ಕೆ ಎಡಕ್ಕೊಂದು ಚುಕ್ಕಿ, ಬಲಕ್ಕೊಂದು ಚುಕ್ಕಿ ಹಾಕುತ್ತ, ತಣಿಯಲು ಬಿಡುತ್ತ, ಪ್ರತಿ ಸಲವೂ ತಂತಿ ಬಿಗಿದು ನೇರ ನೋಡುತ್ತ ಬೆಸೆದೆವು. ಮಟ್ಟಕ್ಕೆ ಗಾರೆಯವರ ನೀರಿನ ಕೊಳವೆಯನ್ನೇ ನಂಬಿದೆ. ಉದ್ದದ ಕೆಲಸಕ್ಕೆ ಅದಕ್ಕಿಂತ ನಿಜ ಹೇಳುವ ಸಾಧನ ನಾನು ಕಂಡಿಲ್ಲ.

ಆಕ್ಸಲ್ ಎಲ್ಲಿ ಎಂಬುದು ಮುಂದಿನ ಪ್ರಶ್ನೆ. ಒಟ್ಟು ತೂಕದಲ್ಲಿ ಶೇಕಡ 10ರಿಂದ 15 ಪಾಲು ಟ್ರ್ಯಾಕ್ಟರಿನ ಕೊಕ್ಕೆಯ ಮೇಲೆ ಬೀಳಬೇಕು. ಕಡಿಮೆಯಾದರೆ ಟ್ರೇಲರ್ ಬಾಲ ಬೀಸುತ್ತದೆ, ಹೆಚ್ಚಾದರೆ ಕೊಕ್ಕೆ ಜಗ್ಗುತ್ತದೆ. ಪಯಣದಲ್ಲಿ ಗರಗಸದ ತಲೆ ಮುಂದಿನ ತುದಿಗೆ ಬಂದು ಪಿನ್ನು ಬಿಗಿದುಕೊಂಡು ನಿಲ್ಲುವುದರಿಂದ ಆಕ್ಸಲ್ಲನ್ನು ಆ ಸ್ಥಿತಿಯ ತೂಕದ ನಡುವಿಗಿಂತ ಸ್ವಲ್ಪ ಹಿಂದೆ ಕೂರಿಸಿದೆವು. ದಿಮ್ಮಿ ಹತ್ತಿಸುವ ಬದಿಯ ಮಡ್‌ಗಾರ್ಡು ಕಳಚಿಡುವಂಥದ್ದು. ಕೆಲಸದ ಹೊತ್ತಲ್ಲಿ ಭಾರ ಟೈರಿನ ಮೇಲೆ ಇರಕೂಡದು. ಗಾಳಿ ತುಂಬಿದ ಟೈರು ಅದುರಿದರೆ ಹಲಗೆಯೂ ಅದುರುತ್ತದೆ. ಆರು ಕಡೆ ಸ್ಕ್ರೂ ಜಾಕು ಕೊಟ್ಟು ಚಕ್ರ ಎತ್ತಿಬಿಡುತ್ತೇವೆ. ಮಳೆ ಬಿದ್ದ ಕೆಂಪುಮಣ್ಣಲ್ಲಿ ಜಾಕು ಇಳಿಯುತ್ತದೆ. ಅದಕ್ಕೆ ಟೇಕಲ್ಲಿನ ಕಲ್ಲುಚಪ್ಪಡಿಗಳನ್ನು ಜೊತೆಗೇ ಒಯ್ಯುವುದು ರೂಢಿಯಾಯಿತು.

ಮಿಲ್ಲಿನಲ್ಲಿ ಯಂತ್ರವನ್ನು ತ್ರೀ ಫೇಸ್ ಮೋಟಾರು ಓಡಿಸುತ್ತಿತ್ತು. ಹೊಲದಲ್ಲಿ ತ್ರೀ ಫೇಸ್ ಬರುವ ಹೊತ್ತಿಗೆ ರೈತ ಪಂಪು ಓಡಿಸಬೇಕು, ನಮಗೆಲ್ಲಿ ಕೊಡುತ್ತಾನೆ? ಟ್ರ್ಯಾಕ್ಟರಿನ ಶಾಫ್ಟಿನಿಂದ ಶಕ್ತಿ ತೆಗೆಯೋಣವೆಂದರೆ ತಲೆ ಓಡಾಡುವಂಥದ್ದು, ಶಾಫ್ಟು ಅದರ ಹಿಂದೆ ಹೋಗಲಾರದು. ಡೀಸೆಲ್ ಇಂಜಿನ್ನನ್ನು ತಲೆಯ ಮೇಲೇ ಕೂರಿಸಬೇಕಾಯಿತು. ತೂಕ ಏರಿತು. ಎತ್ತುವ ಇಳಿಸುವ ಸ್ಕ್ರೂಗಳನ್ನು ದಪ್ಪ ಮಾಡಬೇಕಾಯಿತು. ದಿಮ್ಮಿ ಹತ್ತಿಸಲು ಕ್ರೇನ್ ಬೇಡ. ಎರಡು ಜಾರುತೊಲೆ ಒರಗಿಸಿ, ಹಗ್ಗದ ಒಂದು ತುದಿ ಅಡಿಗಟ್ಟಿಗೆ ಕಟ್ಟಿ, ದಿಮ್ಮಿಯ ಕೆಳಗಿಂದ ಬಳಸಿ ಇನ್ನೊಂದು ತುದಿಯನ್ನು ಆಚೆ ಬದಿಯಿಂದ ಎಳೆದರೆ ಎಂಥ ದಿಮ್ಮಿಯೂ ಉರುಳುತ್ತ ಹತ್ತುತ್ತದೆ.

ಯಂತ್ರ ಸಿದ್ಧವಾಯಿತೆಂದು ಹೊರಡುವಂತಿರಲಿಲ್ಲ. ಮಿಲ್ಲಿನ ಪರವಾನಗಿ ಒಂದು ಜಾಗಕ್ಕೆ ಕೊಟ್ಟದ್ದು. ಯಂತ್ರಕ್ಕೆ ಚಕ್ರ ಬಂದ ಮಾತ್ರಕ್ಕೆ ಪರವಾನಗಿಗೂ ಬರುವುದಿಲ್ಲ. ಯಜಮಾನರು ಅರ್ಜಿ ಬರೆದು, ಲಿಖಿತ ಒಪ್ಪಿಗೆ ಕೈಗೆ ಬರುವ ತನಕ ಟ್ರೇಲರನ್ನು ಅಂಗಳದಿಂದ ಕದಲಿಸಲಿಲ್ಲ. ಆ ಕಟ್ಟುನಿಟ್ಟನ್ನು ನಾನು ಮೆಚ್ಚುತ್ತೇನೆ. ಮರದ ವಿಷಯದಲ್ಲೂ ಅಷ್ಟೇ. ರಾಜ್ಯದ 1976ರ ಮರ ಸಂರಕ್ಷಣೆ ಕಾಯ್ದೆಯಲ್ಲಿ ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್‌ಗಳಿಗೆ ಕಡಿಯಲು ಅನುಮತಿ ಬೇಕಿಲ್ಲ. ಆ ವಿನಾಯಿತಿ ಇಲ್ಲದ ಮರವಾದರೆ ಕಾಗದ ತೋರಿಸದೆ ಗರಗಸ ಹಚ್ಚುವುದೇ ಇಲ್ಲ.

ಮೊದಲ ಕೆಲಸಗಳು ಲಕ್ಕೂರು, ಮಾಸ್ತಿ ಕಡೆಯವು. ಹೊಲಕ್ಕೆ ಹೋದದ್ದರ ನಿಜವಾದ ಲಾಭ ತಿಳಿದದ್ದು ಅಲ್ಲೇ. ನೀಲಗಿರಿ ಬೆಳೆಯುವಾಗ ಹೊರಮೈ ಎಳೆತದಲ್ಲೂ ತಿರುಳು ಒತ್ತಡದಲ್ಲೂ ಇರುತ್ತವೆ. ಕಡಿದ ಕೂಡಲೇ ಆ ಬಿಗುವು ಬಿಡತೊಡಗಿ ತುದಿಗಳು ನಕ್ಷತ್ರದಂತೆ ಸೀಳುತ್ತವೆ. ಲಾರಿ ಸಿಕ್ಕು ಮಿಲ್ಲಿನಲ್ಲಿ ಸರದಿ ಬರುವ ಹೊತ್ತಿಗೆ ಬಿಸಿಲಲ್ಲಿ ಬಿದ್ದ ದಿಮ್ಮಿಯ ಎರಡೂ ತುದಿ ಕತ್ತರಿಸಿ ಎಸೆಯಬೇಕಾಗುತ್ತಿತ್ತು. ಮರ ಉರುಳಿಸಿದ ದಿನವೇ ಕೊಯ್ದರೆ ಆ ನಷ್ಟ ಬಹುಪಾಲು ತಪ್ಪುತ್ತದೆ. ಕೊಯ್ಯುವುದಕ್ಕೂ ಒಂದು ಕ್ರಮ ಇದೆ. ಒಂದೇ ಬದಿಯಿಂದ ಹಲಗೆ ತೆಗೆಯುತ್ತ ಹೋದರೆ ಉಳಿದ ದಿಮ್ಮಿ ಬಿಲ್ಲಾಗುತ್ತದೆ. ಒಂದು ಬದಿ ತೆಗೆದು, ದಿಮ್ಮಿ ಮಗುಚಿ ಎದುರು ಬದಿ ತೆಗೆದು, ಹಾಗೆ ಸಮ ಸಮವಾಗಿ ಒಳಕ್ಕೆ ಹೋಗಬೇಕು. ತಿರುಳಿನ ತುಂಡನ್ನು ಹಲಗೆ ಮಾಡುವ ಆಸೆ ಬಿಟ್ಟು ಕಂಬಕ್ಕೆ ಇಡಬೇಕು. ಹಲಗೆಗಳನ್ನು ನೆರಳಲ್ಲಿ, ನಡುವೆ ಪಟ್ಟಿ ಕೊಟ್ಟು, ಮೇಲೆ ಕಲ್ಲು ಹೇರಿ ಒಣಗಿಸಬೇಕು.

ಬದುವಿನ ಮರಕ್ಕೆ ಬೇಲಿ ಮೊಳೆ ಹೊಡೆಯದ ರೈತನಿಲ್ಲ. ವರ್ಷಗಳು ಕಳೆದಂತೆ ಮರ ಮೊಳೆಯನ್ನು ನುಂಗಿಬಿಡುತ್ತದೆ, ಹೊರಗೆ ಕುರುಹೇ ಇರುವುದಿಲ್ಲ. ಕೊಯ್ದ ಮೈಯಲ್ಲಿ ಕಪ್ಪುನೀಲಿ ಕಲೆ ಕಂಡರೆ ಕಬ್ಬಿಣ ಹತ್ತಿರವಿದೆ ಎಂದೇ ಅರ್ಥ. ಮರದ ಒಗರು ಕಬ್ಬಿಣದ ಜೊತೆ ಸೇರಿ ಆ ಬಣ್ಣ ಹುಟ್ಟುತ್ತದೆ. ಕಂಡ ಕೂಡಲೇ ತಲೆ ನಿಲ್ಲಿಸಿ ಉಳಿಯಿಂದ ಕೆತ್ತಿ ತೆಗೆಯುತ್ತೇವೆ. ಹಲಸು, ಮಾವಿನ ಅಂಟು ಪಟ್ಟಿಗೆ ಮೆತ್ತಿದರೆ ದಾರಿ ತಪ್ಪುತ್ತದೆ, ಅದಕ್ಕೆ ಸೋಪಿನ ನೀರು ಹನಿಯುತ್ತಿರಬೇಕು.

ದಿಮ್ಮಿ ಮಾರುವಾಗ ಸುತ್ತಳತೆಯ ಕಾಲುಭಾಗವನ್ನು ಅದರಿಂದಲೇ ಗುಣಿಸಿ ಉದ್ದದಿಂದ ಗುಣಿಸುವುದು ವ್ಯಾಪಾರದ ಲೆಕ್ಕ. ಮೇಲೆ ಹೇಳಿದ ದಿಮ್ಮಿ ಆ ಲೆಕ್ಕದಲ್ಲಿ ಹದಿನಾರೂವರೆ ಘನ ಅಡಿ ಚಿಲ್ಲರೆ. ದುಂಡಾಗಿ ಅಳೆದರೆ 21 ದಾಟುತ್ತದೆ. ಐದರಲ್ಲೊಂದು ಪಾಲು ಹೊರಸೀಳು, ಹೊಟ್ಟಿನ ಹೆಸರಲ್ಲಿ ಲೆಕ್ಕದಿಂದಲೇ ಹೋಗುತ್ತಿತ್ತು. ಟನ್ ಲೆಕ್ಕದವರ ಪಾಡು ಇನ್ನೂ ಕಡೆ, ಹಲಗೆಯ ಮರವೂ ಸೌದೆಯ ಬೆಲೆಗೇ. ಹೊಲದಲ್ಲೇ ಕೊಯ್ದಾಗ ಹಲಗೆಯೂ ರೈತನದೇ, ಸೀಳೂ ಅವನದೇ, ಹೊಟ್ಟು ಅವನ ಕೊಟ್ಟಿಗೆಗೇ. ಮಾಸ್ತಿ ಕಡೆಯ ಹೊಲದಲ್ಲಿ ಮೊದಲ ಹಲಗೆ ಎತ್ತಿದಾಗ ಮನೆಯ ಹಿರಿಯರು ಅದರ ಕೆಂಪು ಮೈ ಸವರಿ ನೋಡಿ, "ಇಷ್ಟು ವರ್ಷ ಇದನ್ನ ಒಲೆಗೆ ಹಾಕೋಕೆ ಮಾರಿಕೊಂಡು ಬಂದ್ವಲ್ಲಪ್ಪ" ಎಂದರು. ಆ ಮರದ ಹಲಗೆಯಲ್ಲೇ ಅವರ ರೇಷ್ಮೆ ಮನೆಯ ಬಾಗಿಲೂ ಚಾಕಿ ತಟ್ಟೆಯ ನಿಲುವೂ ಆದವು. ಇದು ಸಣ್ಣ ಸಂಗತಿ ಎಂದು ನನಗೆ ಅನ್ನಿಸುವುದಿಲ್ಲ. ಬೆಳೆದವನಿಗೆ ತನ್ನ ಬೆಳೆಯ ಒಳಗು ಕಾಣದೆ ಇದ್ದದ್ದರಿಂದಲೇ ಅವನು ಅಷ್ಟು ಅಗ್ಗಕ್ಕೆ ಕೊಟ್ಟದ್ದು.

ಎಲ್ಲ ಕೆಲಸವೂ ಟ್ರೇಲರಿಗೆ ಒಗ್ಗುವುದಿಲ್ಲ. ಕೈಗಾರಿಕೆಗಳು ಕೇಳುವ ಪ್ಯಾಲೆಟ್ಟು ಹೊರದೇಶಕ್ಕೆ ಹೋಗುವುದಾದರೆ ಮರದ ತಿರುಳಿನವರೆಗೂ 56 ಡಿಗ್ರಿ ಕಾವು ಅರ್ಧ ಗಂಟೆ ಮುಟ್ಟಿಸಿ ಮುದ್ರೆ ಒತ್ತಬೇಕು. ಅದು ಒಣಗೂಡು ಇದ್ದವರ ಕೆಲಸ. ಒಂದೇ ಅಳತೆಯ ಸಾವಿರಾರು ರೀಪರಿಗೂ ದೊಡ್ಡ ಮಿಲ್ಲೇ ವಾಸಿ. ಹುಣಸೆಯ ಹಳೆ ಬುಡಕ್ಕೆ ನಮ್ಮ ಪಟ್ಟಿ ಬೇಗ ಮೊಂಡಾಗುತ್ತದೆ.

ಈಗ ಶೆಡ್ಡಿನಲ್ಲಿ ಎರಡನೆಯ ಅಡಿಗಟ್ಟು ಏಳುತ್ತಿದೆ. ನೀಲಗಿರಿ ತೆಗೆದ ಹೊಲಗಳಲ್ಲಿ ಹೆಬ್ಬೇವು, ಸಿಲ್ವರ್ ಓಕ್ ನೆಟ್ಟವರು ಮುಂದಿನ ಕೊಯ್ತಕ್ಕೆ ಈಗಿನಿಂದಲೇ ವಿಚಾರಿಸುತ್ತಿದ್ದಾರೆ. ಅವು ಹಗುರ ಮರ, ನೇರ ಮರ. ಈ ಹೊಸ ಅಡಿಗಟ್ಟಿಗೆ ಎರಡು ಆಕ್ಸಲ್ ಹಾಕುತ್ತಿದ್ದೇವೆ, ಉದ್ದ 4 ಅಡಿ ಹೆಚ್ಚು, ಜಾಕುಗಳ ಪಾದ ಅಗಲ. ಮಾಸ್ತಿಯ ಆ ಮನೆಯವರು ತಮ್ಮ ಹೆಬ್ಬೇವಿಗೆ ಮೊದಲ ಸರದಿ ಕೇಳಿದ್ದಾರೆ, ಯಜಮಾನರು ಒಪ್ಪಿದ್ದಾರೆ.