ಕಾಡಿನ ಬೀಗಿತ್ತಿ

ಕುಣಿಗಲ್, ಮಾಗಡಿಯಿಂದ ಹಿಡಿದು ಆಚೆ ಕೋಲಾರದವರೆಗೆ ಯಾವ ಊರಿಗೆ ಬೇಕಾದರೂ ಹೋಗಿ, ಒಬ್ಬ ಮುನಿಯಪ್ಪನೋ ಒಬ್ಬ ಮುನಿಯಮ್ಮನೋ ಸಿಕ್ಕೇ ಸಿಗುತ್ತಾರೆ. ಮಾರಯ್ಯ, ಮಾರಮ್ಮ ಅಂತೂ ಸರಿಯೇ ಸರಿ. ಒಂದು ಕಾಲಕ್ಕೆ ಸಿಡುಬಾಗಿ ಬಂದು ಕೇರಿಗೆ ಕೇರಿಯನ್ನೇ ಮಲಗಿಸಿದವಳು ಮಾರಿ. ಸರಿರಾತ್ರಿಯಲ್ಲಿ ಮರದಿಂದಿಳಿದು ತಿರುಗುವವನು ಮುನಿ. ಯಾರ ಹೆಸರೆತ್ತಿದರೆ ಹೆಂಗಸರು ಮಗುವನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದರೋ, ಅವರ ಹೆಸರನ್ನೇ ತೊಟ್ಟಿಲಲ್ಲಿ ಮಲಗಿದ ಕೂಸಿಗೆ ಇಟ್ಟರು. ಹುಟ್ಟಿದ ಮಕ್ಕಳೆಲ್ಲ ಕೈಬಿಟ್ಟು ಹೋಗುತ್ತಿದ್ದ ಮನೆಯಲ್ಲಿ ಉಳಿದ ಮಗುವಿಗೆ ತಿಪ್ಪ, ಗುಂಡ, ಕಲ್ಲ ಎಂದು ಕರೆದದ್ದೂ ಉಂಟು. ಆದರೆ ಅದು ಮಗುವನ್ನು ಮರೆಮಾಡುವ ಉಪಾಯ. ಮುನಿಯ ಹೆಸರಿಡುವುದು ಹಾಗಲ್ಲ. ಅಲ್ಲಿ ಮಗುವನ್ನು ಅವನ ಮಡಿಲಿಗೇ ಹಾಕುತ್ತಾರೆ, ಇನ್ನು ನೀನೇ ಕಾಯಬೇಕು ಅನ್ನುತ್ತಾರೆ.

ಕುಣಿಗಲ್ ಕಡೆಯ ಹುಲಿಯೂರುದುರ್ಗದ ಸೀಮೆಯೇ ಇಂಥ ನಂಬಿಕೆಗೆ ಹೇಳಿ ಮಾಡಿಸಿದ್ದು. ಬಟ್ಟಲು ಬೋರಲು ಹಾಕಿದಂತೆ ಎದ್ದ ಗುಡ್ಡ, ಅದರ ಮೇಲೆ ಕೆಂಪೇಗೌಡರ ಕಾಲದ್ದೆನ್ನುವ ಕೋಟೆ, ಸುತ್ತ ಬಂಡೆ, ಬಂಡೆಯ ಸಂದಿನಲ್ಲಿ ಕುರುಚಲು ಕಾಡು. ಊರಿನ ಹೆಸರಿನಲ್ಲೇ ಹುಲಿ ಕೂತಿದೆ. ಇಂಥ ಕಡೆ ಊರಾಚೆ ಒಂದು ಹುಣಸೆಯೋ ಬೇವೋ ಆಲವೋ ಇದ್ದರೆ ಅದರ ಬುಡದಲ್ಲಿ ಸುಣ್ಣ ಬಳಿದ ಒಂದು ಕಲ್ಲು, ಅರಿಶಿನ ಕುಂಕುಮ, ನೆಟ್ಟ ತ್ರಿಶೂಲ, ತ್ರಿಶೂಲದ ಮೊನೆಗೆ ಚುಚ್ಚಿದ ಒಣಗಿದ ನಿಂಬೆಹಣ್ಣು. ಮುನಿ ಎತ್ತರದ ಆಳು, ಬಿಳಿ ಬಟ್ಟೆಯವನು, ದಾರಿಯಲ್ಲಿ ಸುಳಿದರೆ ಚುಟ್ಟದ ವಾಸನೆ ಬರುತ್ತದೆ. ಅವನು ನಡೆಯುವ ದಾರಿಗೆ ಅಡ್ಡಲಾಗಿ ಮಲಗಬಾರದು, ಮನೆ ಕಟ್ಟಬಾರದು. ಸೋಕಿದರೆ ಚಳಿಜ್ವರ. ಆಗ ಅಂತ್ರ ಕಟ್ಟಿಸಬೇಕು, ಇಲ್ಲವೆ ಪರ ಮಾಡಬೇಕು. ಮರದ ಕೆಳಗೇ ಕೋಳಿ ಕೊಯ್ದು, ಅಲ್ಲೇ ಬೇಯಿಸಿ, ಅವನಿಗೆ ಬೀಡಿ ಸಾರಾಯಿ ಇಟ್ಟು, ಉಂಡು, ಕೈ ತೊಳೆದುಕೊಂಡು ಬರಬೇಕು. ಮಿಕ್ಕದ್ದನ್ನು ಮನೆಗೆ ತರುವ ಹಾಗಿಲ್ಲ.

ಬಾಡಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ನೆಂಟರ ಮನೆಯಿಂದ ಕತ್ತಲಲ್ಲಿ ಬಾಡಿನ ಬುತ್ತಿ ಹೊತ್ತು ಬರುವವರು, ಗಾಳಿ ಸೋಕದಿರಲೆಂದು, ಅದರ ಮೇಲೊಂದು ಇದ್ದಲು ತುಂಡು, ಒಂದು ಒಣಮೆಣಸಿನಕಾಯಿ ಇಡುತ್ತಿದ್ದರು. ಬೆಂಗಳೂರಿನ ಬಸ್ಸು ಹತ್ತುವ ಮಗನ ಕ್ಯಾರಿಯರ್‌ಗೆ ಈಗಲೂ ಇದ್ದಲು ಇಟ್ಟು ಕಳಿಸುವ ತಾಯಂದಿರಿದ್ದಾರೆ. ನನಗೆ ಅದನ್ನು ಕಂಡರೆ ತುಂಬ ಇಷ್ಟ.

ಇನ್ನು ಸಮುದ್ರದಾಚೆಯ ಸುದ್ದಿ. ರೊಮೇನಿಯಾದ ಕಾರ್ಪೇಥಿಯನ್ ಬೆಟ್ಟಗಳ ಕಾಡಿನಲ್ಲಿ ಒಬ್ಬಳಿದ್ದಾಳೆ, ಮುಮಾ ಪಡೂರಿ, ಕಾಡಿನ ತಾಯಿ. ಹೆಸರು ತಾಯಿ, ಗುಣ ರಾಕ್ಷಸಿಯದು. ಅರ್ಧ ಮುದುಕಿ, ಅರ್ಧ ಮರ. ಗಾಳಿ ಬೀಸಿದಾಗ ನರಳುತ್ತಾಳೆ, ಬೇಕಾದ ರೂಪ ತಾಳುತ್ತಾಳೆ, ಮಕ್ಕಳನ್ನು ಹೊತ್ತೊಯ್ಯುತ್ತಾಳೆ. ಅಲ್ಲಿನ ಒಂದು ಕಥೆಯಲ್ಲಿ ಹುಡುಗಿಯನ್ನು ಬೇಯಿಸಿ ತಿನ್ನಲು ಹೊರಟವಳನ್ನು ಆ ಹುಡುಗಿಯ ತಮ್ಮ ಉಪಾಯದಿಂದ ಅವಳ ಒಲೆಗೇ ನೂಕುತ್ತಾನೆ. ಆದರೆ ಇದೇ ಮುದುಕಿ ಕಾಡಿನ ಗಿಡಮರಗಳ ಆರೈಕೆ ಮಾಡುವವಳೂ ಹೌದು, ಮರ ಕಡಿದವರ ಮೇಲೆ ಮುನಿಯುವವಳೂ ಹೌದು. ಮಕ್ಕಳ ನಿದ್ದೆ ಕದಿಯುವುದು ಅವಳ ದೊಡ್ಡ ಚಾಳಿ. ಕೂಸು ರಾತ್ರಿಯೆಲ್ಲ ರಚ್ಚೆ ಹಿಡಿದರೆ ಅದು ಅವಳದೇ ಕೆಲಸ.

ಆಗ ಅಲ್ಲಿನ ತಾಯಿ ಏನು ಮಾಡುತ್ತಿದ್ದಳು ಗೊತ್ತೆ? ಕಾಡಿನ ಕಡೆ ಮುಖ ಮಾಡಿ ಸಂಬಂಧ ಕೇಳುತ್ತಿದ್ದಳು! ನನಗೊಂದು ಮಗುವಿದೆ, ನಿನಗೂ ಒಂದಿದೆ, ಬಾ, ಬೀಗಿತ್ತಿಯರಾಗೋಣ, ನನ್ನ ಮಗುವಿನ ಅಳುವನ್ನು ನೀನು ತೆಗೆದುಕೋ, ನಿನ್ನ ಮಗುವಿನ ನಿದ್ದೆಯನ್ನು ನನ್ನದಕ್ಕೆ ಕೊಡು, ಎಂಬ ಅರ್ಥದ ಮಂತ್ರಗಳು ರೊಮೇನಿಯಾದಲ್ಲೂ ನೆರೆಯ ಸ್ಲಾವ್ ನಾಡುಗಳಲ್ಲೂ ಬಳಕೆಯಲ್ಲಿದ್ದವು. ಇದನ್ನು ತಿಳಿದ ಮೇಲೆ ನಮ್ಮ ಮುನಿಯಪ್ಪನ ಹೆಸರು ನನಗೆ ಬೇರೆಯಾಗಿಯೇ ಕೇಳಿಸತೊಡಗಿತು. ಎಲ್ಲಿಯ ಕಾರ್ಪೇಥಿಯನ್, ಎಲ್ಲಿಯ ಹುಲಿಯೂರುದುರ್ಗ! ಕೇಡನ್ನು ಹೊಡೆದು ಹಾಕಲಾಗದು ಎಂದು ಕಂಡ ಹೆಣ್ಣುಮಕ್ಕಳು ಎರಡೂ ಕಡೆ ಅದರ ಜೊತೆ ನಂಟಸ್ತಿಕೆ ಬೆಳೆಸಿದರು.

1990ರ ದಶಕದಲ್ಲಿ ಬೆಂಗಳೂರಿನಲ್ಲೂ ಸುತ್ತಲ ಹಳ್ಳಿಗಳಲ್ಲೂ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದದ್ದು ಅನೇಕರಿಗೆ ನೆನಪಿರಬೇಕು. ಮನೆಯವರ ದನಿಯಲ್ಲೇ ಕರೆಯುವ ಹೆಣ್ಣುದೆವ್ವ ಅದನ್ನು ಓದಿ ಹಿಂದಿರುಗುತ್ತದೆ, ಮರುದಿನವೂ ಅದನ್ನೇ ಓದುತ್ತದೆ ಎಂಬ ನಂಬಿಕೆ. ತೊಲಗು ಎಂದು ಯಾರೂ ಬರೆಯಲಿಲ್ಲ. ಸಾಲ ಕೊಟ್ಟವನಿಗೆ ಹೇಳುವಷ್ಟೇ ಮರ್ಯಾದೆಯಿಂದ ವಾಯಿದೆ ಕೇಳಿದರು.

ನಂಟಸ್ತಿಕೆ ಅಂದಮೇಲೆ ಕಟ್ಟುಪಾಡು ಇರುತ್ತದೆ. ದೀಪ ಹಚ್ಚುವ ಹೊತ್ತಿಗೆ ಮಕ್ಕಳು ಮನೆಯೊಳಗಿರಬೇಕು. ಮೊದಲ ಕೂಗಿಗೇ ಓಗೊಡಬಾರದು. ಮುನಿಯ ಮರದ ಕೊಂಬೆ ಮುರಿಯಬಾರದು. ಈ ಕಟ್ಟುಪಾಡುಗಳ ಹಿಂದೆ ಬರಿಯ ಗಾಳಿಯಿರಲಿಲ್ಲ, ಹಲ್ಲು ಉಗುರಿನ ಪ್ರಾಣಿಯೂ ಇತ್ತು. 2019ರ ಕೊನೆ, 2020ರ ಮೊದಲ ತಿಂಗಳುಗಳಲ್ಲಿ ಕುಣಿಗಲ್, ಗುಬ್ಬಿ, ತುಮಕೂರು ತಾಲ್ಲೂಕುಗಳಲ್ಲಿ ಚಿರತೆ ಮನುಷ್ಯರನ್ನು ಕೊಂದಿತು. ಸತ್ತವರಲ್ಲಿ ಪುಟ್ಟ ಮಕ್ಕಳೂ ಇದ್ದರು. ಬೋನು ಇಟ್ಟರು, ಗುಂಡಿಕ್ಕಿ ಎಂದು ಜನ ಕೂಗಿದರು. ಮಗುವನ್ನು ಕಳೆದುಕೊಂಡವರ ಕೂಗನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ರೊಮೇನಿಯಾದಲ್ಲೂ ಹೀಗೇ ಆಯಿತು. ರಷ್ಯವನ್ನು ಬಿಟ್ಟರೆ ಯೂರೋಪಿನಲ್ಲಿ ಅತಿ ಹೆಚ್ಚು ಕಂದು ಕರಡಿಗಳಿರುವುದು ಅಲ್ಲೇ. 2024ರ ಜುಲೈನಲ್ಲಿ ಚಾರಣಕ್ಕೆ ಹೋದ 19 ವರ್ಷದ ಹುಡುಗಿಯನ್ನು ಕರಡಿ ಕೊಂದಿತು, ಕೂಡಲೇ ಸಂಸತ್ತು ಸೇರಿ ಆ ವರ್ಷ 481 ಕರಡಿಗಳನ್ನು ಕೊಲ್ಲಲು ಒಪ್ಪಿಗೆ ಕೊಟ್ಟಿತು.

ನನಗೆ ಸಂಕಟವಾಗುವುದು ಬೇರೆ ಕಡೆ. ರಸ್ತೆ ಅಗಲ ಮಾಡುವಾಗ ಹುಣಸೆಮರಗಳು ಹೋದವು. ಕೆಲವು ಕಡೆ ಮುನಿಗೆ ಟೈಲ್ಸ್ ಹಾಕಿದ ಗುಡಿ ಬಂತು, ದಪ್ಪ ಮೀಸೆ ಬರೆದ ಗೊಂಬೆ ಬಂತು, ಅವನು ಇಳಿದು ಬರುತ್ತಿದ್ದ ಮರವೇ ಇಲ್ಲ. ಗುಡಿ ಕಟ್ಟಿದವರ ಭಕ್ತಿ ದೊಡ್ಡದು, ಒಪ್ಪುತ್ತೇನೆ. ಆದರೂ ಮರ ಉಳಿಸಿಕೊಂಡು ಕಟ್ಟಬಹುದಿತ್ತು.

ಹುಲಿಯೂರುದುರ್ಗ ಹೋಬಳಿಯ ಶಾಲೆಗಳ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ಒಂದು ಕೋರಿಕೆ. ಊರಿನ ಯಾವ ಮರದಲ್ಲಿ ಮುನಿಯಿದ್ದ, ಅವನು ಯಾವ ದಾರಿ ಹಿಡಿದು ಎಲ್ಲಿಗೆ ಹೋಗುತ್ತಿದ್ದ ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆದುಕೊಂಡು ಬರಲು ಮಕ್ಕಳಿಗೆ ಹೇಳಿ. ಆ ಮರ ಈಗ ಇದೆಯೋ ಇಲ್ಲವೋ ಅದನ್ನೂ ಬರೆಸಿ. ತಾಯ್ತಂದೆಯರೇ, ಹೊತ್ತು ಮುಳುಗಿದ ಮೇಲೆ, ಚಿರತೆ ಅಡಗಿರಬಹುದಾದ ಲಂಟಾನದ ಪೊದೆಯ ಕಡೆ ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ.